ಆ ಕೆಂಪು ಹೂ ಬಂದದ್ದು ಬದುಕಿ ಉಳಿದವರಿಗಾಗಿ

ನವೆಂಬರ್ ಶುರುವಾಯಿತೆಂದರೆ ಬ್ರಿಟನ್ನಿನ ಯಾವ ಟಿವಿ ಚಾನೆಲ್ ಹಾಕಿದರೂ ಸುದ್ದಿ ಓದುವವರು, ಮಂತ್ರಿಗಳು, ಫುಟ್‌ಬಾಲ್ ಆಟಗಾರರು ಎಲ್ಲರ ಎದೆಯ ಮೇಲೂ ಒಂದು ಕೆಂಪು ಕಾಗದದ ಹೂ ಕಾಣುತ್ತದೆ. ಕೆನಡಾದಲ್ಲೂ ಹಾಗೇ. ನ್ಯೂಜಿಲೆಂಡ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ಕಾಣುತ್ತದೆ, ಅದಕ್ಕೊಂದು ಕಾರಣ ಇದೆ, ಮುಂದೆ ಹೇಳುತ್ತೇನೆ. ಅದು ಪಾಪ್ಪಿ ಹೂ, ಯುದ್ಧದಲ್ಲಿ ಸತ್ತವರ ನೆನಪಿಗೆ ಹಾಕಿಕೊಳ್ಳುವುದು ಅಂತ ಬಹಳ ಜನಕ್ಕೆ ಗೊತ್ತು. ಯಾಕೆ ಅದೇ ಹೂ ಅಂತ ಕೇಳಿದರೆ ಒಂದು ಉತ್ತರವೂ ಸಿಗುತ್ತದೆ. ಕೆನಡಾದ ಒಬ್ಬ ಡಾಕ್ಟರು ಮೊದಲನೇ ಮಹಾಯುದ್ಧದ ನಡುವೆ ಇನ್ ಫ್ಲ್ಯಾಂಡರ್ಸ್ ಫೀಲ್ಡ್ಸ್ ಎಂಬ ಒಂದು ಪದ್ಯ ಬರೆದರು, ಅದರಿಂದ ಬಂತು ಅಂತ.

ಉತ್ತರ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತುಬಿಡುತ್ತದೆ. ಪದ್ಯ ಬರೆದ ಮಾತ್ರಕ್ಕೆ ಹೂ ಯಾರ ಕೋಟಿನ ಮೇಲೂ ಬಂದು ಕೂರುವುದಿಲ್ಲ ಅಲ್ವಾ? ಅದನ್ನು ಅಲ್ಲಿಗೆ ತಂದವರು ಇಬ್ಬರು ಹೆಂಗಸರು. ಒಬ್ಬರು ಅಮೆರಿಕದವರು, ಇನ್ನೊಬ್ಬರು ಫ್ರಾನ್ಸಿನವರು. ಪದ್ಯದ ಹೆಸರು ಹೇಳುವವರಲ್ಲಿ ಹೆಚ್ಚಿನವರಿಗೆ ಇವರ ಹೆಸರು ಗೊತ್ತಿಲ್ಲ. ಇನ್ನೂ ಒಂದು ವಿಷಯ ಮರೆತೇಹೋಗಿದೆ. ಶುರುವಿನಲ್ಲಿ ಆ ಹೂ ಮಾರಿದ್ದು ಗೋರಿಗಳ ಮೇಲೆ ಇಡಲಿಕ್ಕೆ ಅಂತಲ್ಲ. ಯುದ್ಧ ಮುಗಿಸಿ ಕೈಯೋ ಕಾಲೋ ಕಳೆದುಕೊಂಡು ಮನೆಗೆ ಬಂದವರ, ಅಪ್ಪನನ್ನು ಕಳೆದುಕೊಂಡ ಮಕ್ಕಳ ಹೊಟ್ಟೆಪಾಡಿಗೆ ದುಡ್ಡು ಎತ್ತಲಿಕ್ಕೆ. ಇದನ್ನು ಓದುತ್ತಾ ಹೋದ ಹಾಗೆ ಆ ಹೂವಿನ ಬಗ್ಗೆ ನನ್ನ ಗೌರವ ಜಾಸ್ತಿಯಾಯಿತು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಗಿಡದ ವಿಷಯ. ಇದು ಅಫೀಮು ಕೊಡುವ ಗಸಗಸೆ ಗಿಡವಲ್ಲ, ಅದರ ದಾಯಾದಿ. ಯುರೋಪಿನ ಗೋಧಿ ಹೊಲಗಳಲ್ಲಿ ಯಾರೂ ಬಿತ್ತದೆ ತಾನೇ ಹುಟ್ಟುವ ಕಳೆ. ಮೊಗ್ಗಿನ ಮೈತುಂಬ ರೋಮ, ತಲೆ ಬಗ್ಗಿಸಿ ನೇತಾಡುತ್ತಿರುತ್ತದೆ. ಅರಳುವ ಹೊತ್ತಿಗೆ ತೊಟ್ಟು ನೆಟ್ಟಗಾಗುತ್ತದೆ. ಮೊಗ್ಗಿನ ಹಸಿರು ಹೊದಿಕೆ ಎರಡು ಹೋಳಾಗಿ ಉದುರುತ್ತದೆ. ಒಳಗೆ ಮುದುಡಿಕೊಂಡಿದ್ದ ನಾಲ್ಕು ಎಸಳು ಸುಕ್ಕುಸುಕ್ಕಾಗಿಯೇ ಬಿಚ್ಚಿಕೊಳ್ಳುತ್ತವೆ, ಸ್ವಲ್ಪ ಹೊತ್ತಾದ ಮೇಲೆ ಸುಕ್ಕು ಬಿಡುತ್ತದೆ. ಎಸಳು ಎಷ್ಟು ತೆಳು ಅಂದರೆ ಬಿಸಿಲು ಹಿಂದಿನಿಂದ ಬಿದ್ದರೆ ಹೊಳೆಯುತ್ತದೆ. ಬುಡದಲ್ಲಿ ಎಷ್ಟೋ ಸಲ ಒಂದು ಕಪ್ಪು ಮಚ್ಚೆ ಇರುತ್ತದೆ. ಹೂ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಕಿತ್ತರಂತೂ ಇನ್ನೂ ಬೇಗ ಉದುರಿಹೋಗುತ್ತದೆ. ಆಮೇಲೆ ಉಳಿಯುವುದು ಕಾಯಿ. ಅದಕ್ಕೆ ಮೇಲೊಂದು ಚಪ್ಪಟೆ ಮುಚ್ಚಳ, ಮುಚ್ಚಳದ ಕೆಳಗೆ ಸುತ್ತಲೂ ಸಣ್ಣ ಸಣ್ಣ ತೂತು. ಗಾಳಿಗೆ ಅಲ್ಲಾಡಿದಾಗಲೆಲ್ಲ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಬೀಜ ಸುತ್ತ ಚೆಲ್ಲುತ್ತದೆ.

ಒಂದು ಗಿಡದಿಂದ ಸಾವಿರಗಟ್ಟಲೆ ಬೀಜ. ಅವು ಮಣ್ಣಿನಡಿ ಹತ್ತಾರು ವರ್ಷ ಸಾಯದೆ ಬಿದ್ದಿರುತ್ತವೆ. ಬೆಳಕು ತಾಗಿದರೆ ಮಾತ್ರ ಮೊಳೆಯುತ್ತವೆ. ಅಂದರೆ ಯಾರಾದರೂ ಮಣ್ಣನ್ನು ಅಗೆದು ತಿರುವಿ ಹಾಕಬೇಕು. ಪ್ರತಿ ವರ್ಷ ಆ ಕೆಲಸ ನೇಗಿಲಿನದ್ದು. 1914ರ ನಂತರ ಉತ್ತರ ಫ್ರಾನ್ಸಿನಲ್ಲಿ, ಬೆಲ್ಜಿಯಂನ ಫ್ಲ್ಯಾಂಡರ್ಸ್‌ನಲ್ಲಿ ಆ ಕೆಲಸವನ್ನು ಫಿರಂಗಿಗಳು ಮಾಡಿದವು. ಕಂದಕ ತೋಡಿದರು, ಗೋರಿ ತೋಡಿದರು, ಶೆಲ್ ಬಿದ್ದಲ್ಲೆಲ್ಲ ಹಳ್ಳ ಬಿತ್ತು. ಬೆಳೆ ಇಲ್ಲ, ಮರ ಇಲ್ಲ, ನೆರಳು ಕೊಡಲಿಕ್ಕೆ ಏನೂ ಉಳಿಯಲಿಲ್ಲ. ಬೇರೆ ಗಿಡಗಳಿಗೆ ಬದುಕಲಾಗದ ಆ ಜಾಗದಲ್ಲಿ ಈ ಕಳೆಗೆ ಮಾತ್ರ ಬೇಕಾದದ್ದೆಲ್ಲ ಸಿಕ್ಕಿತು. ಸೈನಿಕರು ಮನೆಗೆ ಬರೆದ ಕಾಗದಗಳ ಮಧ್ಯೆ ಇದೇ ಹೂವಿನ ಎಸಳನ್ನು ಒತ್ತಿಟ್ಟು ಕಳಿಸಿದ್ದಾರೆ.

ಇದು ಆ ಯುದ್ಧದಲ್ಲಿ ಮೊದಲು ಕಂಡದ್ದೂ ಅಲ್ಲ. 1693ರಲ್ಲಿ ಬೆಲ್ಜಿಯಂನ ಲಾಂಡೆನ್ ಎಂಬಲ್ಲಿ ದೊಡ್ಡ ಕದನ ನಡೆದಿತ್ತು. ಮರುವರ್ಷ ಬೇಸಿಗೆಯಲ್ಲಿ ಆ ಬಯಲಿನ ತುಂಬ ಪಾಪ್ಪಿ ಹೂ ಎದ್ದಿತ್ತು ಅಂತ ಇತಿಹಾಸಕಾರ ಮೆಕಾಲೆ 19ನೇ ಶತಮಾನದಲ್ಲೇ ಬರೆದಿದ್ದಾರೆ. ಗ್ರೀಕ್ ಕವಿ ಹೋಮರ್‌ನ ಇಲಿಯಡ್‌ನಲ್ಲಿ ಬಾಣ ತಗಲಿದ ಯೋಧನೊಬ್ಬನ ತಲೆ ಮಳೆಗೆ ನೆನೆದ ಪಾಪ್ಪಿಯ ಹಾಗೆ ವಾಲಿತು ಅಂತ ಬರುತ್ತದೆ. ಹೂವಿಗೂ ಸಾವಿಗೂ ನಂಟು ಹಳೆಯದು. ಆದರೆ ಆಗ ಯಾರೂ ಅದನ್ನು ಎದೆಗೆ ಸಿಕ್ಕಿಸಿಕೊಂಡು ಓಡಾಡಲಿಲ್ಲ.

ಈಗ 1915ರ ಏಪ್ರಿಲ್‌ಗೆ ಬರೋಣ. ಜಾಗ ಬೆಲ್ಜಿಯಂನ ಈಪ್ರ ಪಟ್ಟಣದ ಸುತ್ತಮುತ್ತ. ಏಪ್ರಿಲ್ 22ರ ಸಂಜೆ ಜರ್ಮನ್ ಸೇನೆ ಸಿಲಿಂಡರ್‌ಗಳ ಬಾಯಿ ಬಿಚ್ಚಿ ಕ್ಲೋರಿನ್ ಗ್ಯಾಸ್ ಬಿಟ್ಟಿತು. ಪಶ್ಚಿಮ ರಂಗದಲ್ಲಿ, ಅಂದರೆ ಫ್ರಾನ್ಸ್ ಬೆಲ್ಜಿಯಂ ಕಡೆಯ ಯುದ್ಧದಲ್ಲಿ, ಅಷ್ಟು ದೊಡ್ಡ ಪ್ರಮಾಣದಲ್ಲಿ ವಿಷಾನಿಲ ಬಳಸಿದ್ದು ಅದೇ ಮೊದಲು. ಹಳದಿ ಹಸಿರು ಮೋಡ ನೆಲಕ್ಕೆ ತಾಗಿಕೊಂಡು ಗಾಳಿಯ ಜೊತೆ ಬಂತು. ಎದುರಿಗಿದ್ದ ಫ್ರೆಂಚ್ ಮತ್ತು ಅಲ್ಜೀರಿಯಾದ ಸೈನಿಕರು ಉಸಿರುಕಟ್ಟಿ ಬಿದ್ದರು, ಉಳಿದವರು ಓಡಿದರು. ಪಕ್ಕದಲ್ಲಿದ್ದವರು ಕೆನಡಾದವರು. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಅವರು ಅಲ್ಲೇ ನಿಂತರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ ಈಪ್ರದ ಬಯಲಿಗೆ ನಾಲ್ಕು ದಿನದಲ್ಲಿ, ಏಪ್ರಿಲ್ 26ರಂದು, ಭಾರತದ ಲಾಹೋರ್ ಡಿವಿಜನ್ನನ್ನು ನುಗ್ಗಿಸಿದರು. ಅವರ ಮೇಲೂ ಗ್ಯಾಸ್ ಬಂತು. ಸರಿಯಾದ ಮಾಸ್ಕ್ ಯಾರ ಬಳಿಯೂ ಇರಲಿಲ್ಲ. ಜಮಾದಾರ್ ಮೀರ್ ದಸ್ತ್ ಎಂಬುವರು ಅಧಿಕಾರಿಗಳೆಲ್ಲ ಬಿದ್ದ ಮೇಲೆ ಉಳಿದವರನ್ನು ಒಟ್ಟುಗೂಡಿಸಿ, ಹಿಂದೆ ಬನ್ನಿ ಎನ್ನುವ ಆದೇಶ ಬರುವವರೆಗೆ ಅಲ್ಲೇ ನಿಂತರು. ಗುಂಡಿನ ಮಳೆಯಲ್ಲೇ ಎಂಟು ಜನ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳನ್ನು ಹೊತ್ತು ತರಲು ನೆರವಾದರು. ಅವರಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಪಾಪ್ಪಿಯ ಕತೆ ಹೇಳುವವರು ಕೆನಡಾ, ಬ್ರಿಟನ್ ಅಂತ ಹೇಳಿ ಮುಗಿಸುತ್ತಾರೆ. ಆ ವಾರ ಆ ಮಣ್ಣಿನಲ್ಲಿ ಪಂಜಾಬಿನವರು, ಪಠಾಣರು, ಗೂರ್ಖಾಗಳು ಕೂಡ ಇದ್ದರು.

ಕೆನಡಾದವರ ಜೊತೆ ಇದ್ದ ಡಾಕ್ಟರು ಜಾನ್ ಮೆಕ್ರೇ. 42 ವರ್ಷ. ಒಂಟಾರಿಯೋದ ಗ್ವೆಲ್ಫ್ ಊರಿನವರು, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಫಿರಂಗಿ ದಳದಲ್ಲಿ ಇದ್ದವರು. ಈ ಸಲವೂ ಫಿರಂಗಿ ದಳದ ಜೊತೆಗೇ ವೈದ್ಯರಾಗಿ ಬಂದಿದ್ದರು. ಈಪ್ರದ ಉತ್ತರಕ್ಕೆ ಕಾಲುವೆಯ ದಂಡೆಯ ಮಣ್ಣನ್ನು ತೋಡಿ ಮಾಡಿದ ಗೂಡಿನಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದರು. ಎಸೆಕ್ಸ್ ಫಾರ್ಮ್ ಅಂತ ಆ ಜಾಗದ ಹೆಸರು. ಈಗ ಅಲ್ಲಿಗೆ ಹೋದವರು ಕಾಂಕ್ರೀಟಿನ ಸಣ್ಣ ಸಣ್ಣ ಕೋಣೆಗಳನ್ನು ನೋಡಿ ಮೆಕ್ರೇ ಕೆಲಸ ಮಾಡಿದ್ದು ಇಲ್ಲೇ ಅಂದುಕೊಳ್ಳುತ್ತಾರೆ. ಆ ಕಾಂಕ್ರೀಟ್ ಆಮೇಲೆ ಬಂದದ್ದು. 1915ರಲ್ಲಿ ಅಲ್ಲಿದ್ದದ್ದು ಮಣ್ಣು, ಮರದ ತುಂಡು, ಮರಳಿನ ಚೀಲ ಅಷ್ಟೇ. ಹದಿನೇಳು ಹಗಲು ಹದಿನೇಳು ರಾತ್ರಿ ಬಟ್ಟೆ ಬಿಚ್ಚಿಲ್ಲ, ಬೂಟು ಕೂಡ ಯಾವಾಗಲೋ ಒಮ್ಮೆ ಬಿಚ್ಚಿದ್ದು ಅಂತ ಅವರು ಅಮ್ಮನಿಗೆ ಕಾಗದ ಬರೆದಿದ್ದಾರೆ.

ಮೇ 2ರ ಬೆಳಗ್ಗೆ ಅವರ ಗೆಳೆಯ ಲೆಫ್ಟಿನೆಂಟ್ ಅಲೆಕ್ಸಿಸ್ ಹೆಲ್ಮರ್ ಮೇಲೆ ಶೆಲ್ ಬಿತ್ತು. ಒಟ್ಟಾವಾದ ಹುಡುಗ, 22 ವರ್ಷ. ದೇಹದ ತುಂಡುಗಳನ್ನು ಆರಿಸಿ ಮರಳಿನ ಚೀಲಗಳಲ್ಲಿ ತುಂಬಬೇಕಾಯಿತು. ಪಾದ್ರಿ ಬೇರೆ ಕಡೆ ಹೋಗಿದ್ದರು. ಆ ರಾತ್ರಿ ಮಣ್ಣು ಮಾಡುವಾಗ ಪ್ರಾರ್ಥನೆಯ ಮಾತುಗಳನ್ನು ಮೆಕ್ರೇ ಅವರೇ ಬಾಯಿಪಾಠದಿಂದ ಹೇಳಿದರು. ಮಾರನೆಯ ದಿನ ಪದ್ಯ ಹುಟ್ಟಿತು. ಬರೀ 15 ಸಾಲು. ಸಾಲು ಸಾಲು ಶಿಲುಬೆಗಳ ನಡುವೆ ಪಾಪ್ಪಿ ಹೂ ಗಾಳಿಗೆ ಅಲ್ಲಾಡುತ್ತಿದೆ, ಮೇಲೆ ಹಕ್ಕಿ ಹಾಡುತ್ತಿದೆ, ಗುಂಡಿನ ಸದ್ದಿನಲ್ಲಿ ಅದು ಸರಿಯಾಗಿ ಕೇಳುತ್ತಿಲ್ಲ. ಮಾತಾಡುತ್ತಿರುವವರು ಸತ್ತವರು. ಮೊನ್ನೆ ಮೊನ್ನೆಯವರೆಗೆ ಬದುಕಿದ್ದೆವು, ಪ್ರೀತಿಸಿದ್ದೆವು, ಈಗ ಇಲ್ಲಿ ಮಲಗಿದ್ದೇವೆ ಅನ್ನುತ್ತಾರೆ.

ಲಂಡನ್ನಿನ ಪಂಚ್ ಪತ್ರಿಕೆ 1915ರ ಡಿಸೆಂಬರ್ 8ರಂದು ಅದನ್ನು ಹೆಸರಿಲ್ಲದೆ ಅಚ್ಚು ಹಾಕಿತು. ಕೆಲವೇ ದಿನಗಳಲ್ಲಿ ಇಂಗ್ಲಿಷ್ ಓದುವ ಎಲ್ಲ ಕಡೆ ಹಬ್ಬಿತು.

ಪದ್ಯದ ಕೊನೆಯ ಭಾಗದ ಬಗ್ಗೆ ಜನ ಮಾತಾಡುವುದು ಕಡಿಮೆ. ಮೊದಲೆರಡು ಭಾಗ ಓದಿ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಮೂರನೆಯ ಭಾಗದಲ್ಲಿ ಸತ್ತವರು ಬದುಕಿರುವವರಿಗೆ ಹೇಳುವುದು ಏನು? ವೈರಿಯ ಜೊತೆಗಿನ ನಮ್ಮ ಜಗಳವನ್ನು ನೀವು ಮುಂದುವರಿಸಿ, ನಮ್ಮ ಕೈಯಿಂದ ಬಿದ್ದ ಪಂಜನ್ನು ಎತ್ತಿ ಹಿಡಿಯಿರಿ, ಕೊಟ್ಟ ಮಾತು ತಪ್ಪಿದರೆ ನಮಗೆ ನಿದ್ದೆ ಇಲ್ಲ ಅಂತ. ಅದು ಶಾಂತಿಯ ಪದ್ಯವಲ್ಲ. ಸೈನ್ಯಕ್ಕೆ ಹುಡುಗರನ್ನು ಸೇರಿಸಲು ಅದನ್ನು ಬಳಸಿಕೊಂಡರು. ಕೆನಡಾ ಸರ್ಕಾರ 1917ರಲ್ಲಿ ಯುದ್ಧಕ್ಕೆ ಸಾಲ ಎತ್ತುವ ಬಾಂಡ್‌ಗಳ ಪೋಸ್ಟರ್ ಮೇಲೆ ಅದರ ಸಾಲುಗಳನ್ನು ಹಾಕಿತು. ಮೆಕ್ರೇ ಅವರನ್ನು ಇದಕ್ಕಾಗಿ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಗೆಳೆಯನ ತುಂಡುಗಳನ್ನು ಚೀಲದಲ್ಲಿ ಮಣ್ಣು ಮಾಡಿ ಬಂದ ಮನುಷ್ಯ, ಎದುರಿಗೆ ಯುದ್ಧ ಇನ್ನೂ ನಡೆಯುತ್ತಿರುವಾಗ, ಹಾಗೆ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಪದ್ಯದಿಂದ ನೇರವಾಗಿ ಇವತ್ತಿನ ನೆನಪಿನ ಹೂವಿಗೆ ಬರಲಿಕ್ಕಾಗುವುದಿಲ್ಲ ಎನ್ನುವುದಕ್ಕೆ ಇದೇ ಕಾರಣ. ನಡುವೆ ಯಾರೋ ಅದರ ದಿಕ್ಕನ್ನು ತಿರುಗಿಸಬೇಕಿತ್ತು.

ಮೆಕ್ರೇ ಅದನ್ನು ನೋಡಲಿಲ್ಲ. ಕದನವಿರಾಮಕ್ಕೆ ಇನ್ನೂ ಒಂಬತ್ತು ತಿಂಗಳಿಗೂ ಮಿಕ್ಕಿ ಇರುವಾಗ, 1918ರ ಜನವರಿ 28ರಂದು, ಫ್ರಾನ್ಸಿನಲ್ಲೇ ನ್ಯುಮೋನಿಯಾದಿಂದ ತೀರಿಕೊಂಡರು. ವಿಮರೂ ಎಂಬ ಊರಿನಲ್ಲಿ ಸಮಾಧಿ ಇದೆ. ಹೆಲ್ಮರ್‌ಗೆ ಅದೂ ಇಲ್ಲ. ಮುಂದೆ ನಡೆದ ಕದನಗಳಲ್ಲಿ ಆ ಗೋರಿ ಗುರುತಿಲ್ಲದೆ ಹೋಯಿತು. ಆ ಹುಡುಗನ ಹೆಸರು ಈಪ್ರದ ಮೆನಿನ್ ಗೇಟ್ ಎಂಬ ಸ್ಮಾರಕ ದ್ವಾರದ ಮೇಲೆ ಇದೆ, ಗೋರಿ ಸಿಗದ 54,000ಕ್ಕೂ ಹೆಚ್ಚು ಜನರ ಹೆಸರಿನ ಜೊತೆ.

ದಿಕ್ಕು ತಿರುಗಿಸಿದ ಮೊದಲ ಹೆಂಗಸು ಮೊಯ್ನಾ ಮೈಕಲ್. ಅಮೆರಿಕದ ಜಾರ್ಜಿಯಾದವರು, ಪಾಠ ಹೇಳುವ ಕೆಲಸ, ಆಗ 49 ವರ್ಷ. ಯುದ್ಧದ ಹೊತ್ತಿಗೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ವೈಎಂಸಿಎ ಎಂಬ ಕ್ರೈಸ್ತ ಸೇವಾ ಸಂಘದ ಕಚೇರಿಯಲ್ಲಿ ಸೇವೆ ಮಾಡುತ್ತಿದ್ದರು. ವಿದೇಶಕ್ಕೆ ಹೋಗುವ ವೈಎಂಸಿಎ ಕಾರ್ಯಕರ್ತರಿಗೆ ತರಬೇತಿ ಕೊಡುವ ಜಾಗ ಅದು. 1918ರ ನವೆಂಬರ್ 9, ಶನಿವಾರ. ಕದನವಿರಾಮಕ್ಕೆ ಎರಡು ದಿನ ಮುಂಚೆ. ಒಬ್ಬ ಸೈನಿಕ ಅವರ ಮೇಜಿನ ಮೇಲೆ ಒಂದು ಮ್ಯಾಗಜೀನ್ ಬಿಟ್ಟುಹೋದ, ಅದರಲ್ಲಿ ಮೆಕ್ರೇ ಪದ್ಯ ದೊಡ್ಡ ಬಣ್ಣದ ಚಿತ್ರದ ಜೊತೆ ಬಂದಿತ್ತು. ಓದಿದ ಮೈಕಲ್ ಕೈಗೆ ಸಿಕ್ಕಿದ ಹಳೇ ಲಕೋಟೆಯ ಹಿಂಬದಿಯಲ್ಲಿ ತಮ್ಮದೇ ಒಂದು ಉತ್ತರ ಪದ್ಯ ಬರೆದರು. ಇನ್ನು ಮುಂದೆ ಸದಾ ಒಂದು ಕೆಂಪು ಪಾಪ್ಪಿಯನ್ನು ಧರಿಸುತ್ತೇನೆ ಅಂತ ಪಣ ತೊಟ್ಟರು.

ಅದೇ ದಿನ ಅಲ್ಲಿ ಸಭೆಗೆ ಬಂದಿದ್ದ ಕೆಲವರು, ಕಚೇರಿಯನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ ಅಂತ ಅವರ ಕೈಗೆ ಹತ್ತು ಡಾಲರ್ ಕೊಟ್ಟರು. ಆಕೆ ನೇರ ಅಂಗಡಿಗೆ ಹೋದರು. ನವೆಂಬರ್‌ನಲ್ಲಿ ನಿಜವಾದ ಹೂ ಎಲ್ಲಿ ಸಿಗಬೇಕು? ವಾನಮೇಕರ್ ಎಂಬ ದೊಡ್ಡ ಅಂಗಡಿಯಲ್ಲಿ ರೇಷ್ಮೆಯ ಪಾಪ್ಪಿಗಳು ಸಿಕ್ಕವು. ದೊಡ್ಡದು ಒಂದು, ಸಣ್ಣವು ಎರಡು ಡಜನ್. ದೊಡ್ಡದನ್ನು ಮೇಜಿನ ಮೇಲೆ ಇಟ್ಟರು, ಸಣ್ಣದೊಂದನ್ನು ತಾವು ಸಿಕ್ಕಿಸಿಕೊಂಡರು. ಉಳಿದವನ್ನು ಆ ಸಭೆಗೆ ಬಂದವರು ಕೇಳಿ ಕೇಳಿ ತೆಗೆದುಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಒಬ್ಬ ಒಳ್ಳೆಯ ಹೆಂಗಸಿನ ಒಂದು ದಿನದ ಕತೆ ಆಗುತ್ತಿತ್ತು. ಮೈಕಲ್ ಬಿಡಲಿಲ್ಲ. ಇದು ಇಡೀ ದೇಶದ ಗುರುತಾಗಬೇಕು ಅಂತ ಸಿಕ್ಕವರಿಗೆಲ್ಲ ಕಾಗದ ಬರೆದರು. ಪಂಜು ಮತ್ತು ಪಾಪ್ಪಿ ಎರಡನ್ನೂ ಸೇರಿಸಿ ಒಂದು ಲಾಂಛನ ಮಾಡಿಸಿದರು. ಅದು ನಡೆಯಲಿಲ್ಲ. ಜನಕ್ಕೆ ಹಿಡಿಸಿದ್ದು ಸುಮ್ನೆ ಹೂ ಅಷ್ಟೇ, ಪಂಜು ಬೇಡವಾಯಿತು. ಪದ್ಯದಲ್ಲಿ ಯುದ್ಧ ಮುಂದುವರಿಸಿ ಎನ್ನುವ ಮಾತು ಇದ್ದದ್ದು ಪಂಜಿನಲ್ಲಿ, ಅದು ಹೇಗೆ ತಾನಾಗೇ ಬಿದ್ದುಹೋಯಿತು ನೋಡಿ. ಮುಂದೆ ಊರಿಗೆ ಹೋಗಿ ಅಂಗವಿಕಲ ಸೈನಿಕರಿಗೆ ಪಾಠ ಹೇಳುವಾಗ, ಇವರಿಗೆ ನೆನಪಿನ ಜೊತೆ ದುಡ್ಡೂ ಬೇಕು, ಕೆಲಸವೂ ಬೇಕು ಅಂತ ಆಕೆಗೆ ಕಣ್ಣಾರೆ ಕಂಡಿತು. ಅವರ ಒತ್ತಾಯದಿಂದ 1920ರಲ್ಲಿ ಜಾರ್ಜಿಯಾದ ಮಾಜಿ ಸೈನಿಕರು, ಅದೇ ಸೆಪ್ಟೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸೇರಿದ ಇಡೀ ದೇಶದ ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್ ಪಾಪ್ಪಿಯನ್ನು ನೆನಪಿನ ಹೂ ಅಂತ ಒಪ್ಪಿದವು. ಮರುವರ್ಷವೇ ಲೀಜನ್ ಮನಸ್ಸು ಬದಲಿಸಿ ಪಾಪ್ಪಿ ಬೇಡ, ಡೇಸಿ ಹೂ ಇರಲಿ ಅಂತ ಠರಾವು ಮಾಡಿತು. 1922ರಲ್ಲಿ ಮತ್ತೆ ಪಾಪ್ಪಿಗೇ ವಾಪಸ್ ಬಂತು. ಇವತ್ತು ಇದೆಲ್ಲ ಮೊದಲಿನಿಂದಲೂ ಹೀಗೇ ಇತ್ತು ಅನಿಸುತ್ತದೆ. ಒಂದು ವರ್ಷ ಆ ಕಡೆ ಈ ಕಡೆ ಆಗಿದ್ದರೆ ಅಮೆರಿಕದವರ ಎದೆಯ ಮೇಲೆ ಬಿಳಿ ಡೇಸಿ ಇರುತ್ತಿತ್ತು.

ಈಗ ಎರಡನೆಯವರು, ಅನ್ನಾ ಗೆರಾಂ. ನನ್ನ ಮಟ್ಟಿಗೆ ಈ ಕತೆಯ ದೊಡ್ಡ ಪಾತ್ರ ಇವರೇ. ಫ್ರಾನ್ಸಿನವರು, ಭಾಷಣ ಮಾಡುವುದರಲ್ಲಿ ಎತ್ತಿದ ಕೈ. ಯುದ್ಧದ ವರ್ಷಗಳಲ್ಲಿ ಅಮೆರಿಕದ ಊರೂರು ಸುತ್ತಿ ಫ್ರಾನ್ಸಿನ ಅನಾಥ ಮಕ್ಕಳಿಗಾಗಿ, ವಿಧವೆಯರಿಗಾಗಿ ದುಡ್ಡು ಎತ್ತುತ್ತಿದ್ದರು. ಮೈಕಲ್ ತಲೆಯಲ್ಲಿದ್ದದ್ದು ಒಂದು ಗುರುತು. ಗೆರಾಂ ತಲೆಯಲ್ಲಿದ್ದದ್ದು ಒಂದು ಪೂರಾ ವ್ಯವಸ್ಥೆ. ಯುದ್ಧದಿಂದ ಹಾಳಾದ ಊರುಗಳ ಹೆಂಗಸರು, ಮಕ್ಕಳು ಮನೆಯಲ್ಲೇ ಕೂತು ಬಟ್ಟೆಯ ಪಾಪ್ಪಿ ಮಾಡಬೇಕು, ಅದರಿಂದ ಅವರಿಗೆ ನಾಲ್ಕು ಕಾಸು. ಮಿತ್ರದೇಶಗಳ ಮಾಜಿ ಸೈನಿಕರ ಸಂಘಗಳು ಅದನ್ನು ತರಿಸಿ ತಮ್ಮ ಬೀದಿಗಳಲ್ಲಿ ಮಾರಬೇಕು, ಅದರಿಂದ ಅವರ ಸೈನಿಕರಿಗೂ ನೆರವು. ಒಂದೇ ಹೂ, ಎರಡು ಕಡೆ ಅನ್ನ. ಕ್ಲೀವ್‌ಲ್ಯಾಂಡ್ ಸಭೆಯಲ್ಲೂ ಗೆರಾಂ ಮಾತಾಡಿದ್ದರು. ಎಲ್ಲ ಮಿತ್ರದೇಶಗಳಿಗೂ ಸೇರಿದ ಒಂದು ಪಾಪ್ಪಿ ದಿನ ಇರಬೇಕು ಎನ್ನುವುದು ಅವರ ಆಸೆ. 1921ರ ಜುಲೈಯಲ್ಲಿ ಕೆನಡಾದ ಮಾಜಿ ಸೈನಿಕರನ್ನು ಒಪ್ಪಿಸಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ತಮ್ಮ ಪ್ರತಿನಿಧಿಯನ್ನು ಕಳಿಸಿದರು. ತಾವೇ ಲಂಡನ್ನಿಗೆ ಹೋದರು.

ಬ್ರಿಟನ್ನಿನ ಸ್ಥಿತಿ ಆಗ ಹೇಗಿತ್ತು ಅಂದರೆ, ಯುದ್ಧ ಗೆದ್ದು ಬಂದವರಿಗೆ ಕೆಲಸವಿಲ್ಲ. 1921ರಲ್ಲಿ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ದಾಟಿತ್ತು. ಎದೆಯ ಮೇಲೆ ಮೆಡಲ್ ಹಾಕಿಕೊಂಡು ಬೀದಿಯಲ್ಲಿ ಬೆಂಕಿಪೊಟ್ಟಣ ಮಾರುವ ಮಾಜಿ ಸೈನಿಕರು ಅಲ್ಲಿ ಆಗ ದಿನನಿತ್ಯದ ನೋಟ. ಬ್ರಿಟಿಷ್ ಲೀಜನ್ ಅದೇ ವರ್ಷ ಮೇ 15ರಂದು ಹುಟ್ಟಿದ ಮಾಜಿ ಸೈನಿಕರ ಸಂಘ, ಕೈಯಲ್ಲಿ ಕಾಸಿಲ್ಲ. ಫ್ರಾನ್ಸಿನಿಂದ ಬಂದ ಹೆಂಗಸೊಬ್ಬರು ಬಟ್ಟೆಯ ಹೂ ತರಿಸಿ ಮಾರಿ ಅಂದಾಗ ಮೊದಲು ಹಿಂದೆಮುಂದೆ ನೋಡಿದರು, ಆಮೇಲೆ ಒಪ್ಪಿದರು. 1921ರ ನವೆಂಬರ್ 11ರಂದು ಮೊದಲ ಪಾಪ್ಪಿ ದಿನ. 90 ಲಕ್ಷ ಹೂ ತರಿಸಿದ್ದರು, ಅಷ್ಟೂ ಖಾಲಿಯಾದವು. 1,06,000 ಪೌಂಡ್ ಬಂತು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಮಾಜಿ ಸೈನಿಕರಿಗೆ ಮನೆ, ಕೆಲಸ ಕೊಡಿಸಲು ಅದನ್ನು ಬಳಸಿದರು.

ನ್ಯೂಜಿಲೆಂಡ್ ಕೂಡ ಅದೇ ದಿನ ಮಾರಬೇಕು ಅಂದುಕೊಂಡಿತ್ತು. ಹೂ ತುಂಬಿದ ಹಡಗು ತಡವಾಗಿ ಬಂತು. ಇನ್ನೊಂದು ವರ್ಷ ಕಾಯುವುದು ಯಾಕೆ ಅಂತ 1922ರ ಏಪ್ರಿಲ್ 24ರಂದು, ಟರ್ಕಿಯ ಗ್ಯಾಲಿಪೋಲಿ ಕದನದ ನೆನಪಿನ ಆನ್ಜಾಕ್ ದಿನದ ಹಿಂದಿನ ದಿನ, ಮಾರಿದರು. ಅಲ್ಲಿ ಏಪ್ರಿಲ್‌ನಲ್ಲಿ ಪಾಪ್ಪಿ ಕಾಣುವುದು ಇದಕ್ಕೇ. ಒಂದು ಹಡಗು ತಡವಾದದ್ದು ಒಂದು ದೇಶದ ಸಂಪ್ರದಾಯವೇ ಆಗಿಬಿಟ್ಟಿತು. ಬಂದ 13,166 ಪೌಂಡಿನಲ್ಲಿ 3,695 ಪೌಂಡನ್ನು ಉತ್ತರ ಫ್ರಾನ್ಸಿನ ಹಾಳಾದ ಊರುಗಳಿಗೆ ಕಳಿಸಿದರು, ಉಳಿದದ್ದು ತಮ್ಮ ಕೆಲಸವಿಲ್ಲದ ಸೈನಿಕರಿಗೆ. ಗೆರಾಂ ಹಾಕಿದ್ದ ಲೆಕ್ಕ ಪಕ್ಕಾ ಹಾಗೇ ನಡೆಯಿತು.

ಬ್ರಿಟನ್ನಿನಲ್ಲಿ ಮುಂದಿನ ಹೆಜ್ಜೆ ಇಟ್ಟವರು ಮೇಜರ್ ಜಾರ್ಜ್ ಹೌಸನ್. ಹೂವನ್ನು ಫ್ರಾನ್ಸಿನಿಂದ ಯಾಕೆ ತರಿಸಬೇಕು, ನಮ್ಮ ಅಂಗವಿಕಲ ಸೈನಿಕರೇ ಮಾಡಬಹುದಲ್ಲ ಅನ್ನುವುದು ಅವರ ಯೋಚನೆ. ಇದು ದೊಡ್ಡದಾಗಿ ಗೆಲ್ಲುತ್ತದೆ ಅಂತ ನನಗೇನೂ ನಂಬಿಕೆ ಇಲ್ಲ, ಆದರೂ ಪ್ರಯತ್ನಿಸಿ ನೋಡಬಹುದು ಎನ್ನುವ ಅರ್ಥದಲ್ಲಿ ಅಪ್ಪ ಅಮ್ಮನಿಗೆ ಕಾಗದ ಬರೆದು, 1922ರಲ್ಲಿ ಲಂಡನ್ನಿನ ಓಲ್ಡ್ ಕೆಂಟ್ ರೋಡಿನಲ್ಲಿ ಐದು ಜನರನ್ನು ಕೂರಿಸಿ ಕೆಲಸ ಶುರುಮಾಡಿದರು. ಅವರು ಮಾಡಿಸಿದ ಹೂವನ್ನು ಹತ್ತಿರದಿಂದ ನೋಡಿದರೆ ಅದರ ಹಿಂದಿನ ಬುದ್ಧಿ ಕಾಣುತ್ತದೆ. ಎಸಳಿನ ಭಾಗ, ನಡುವಿನ ಕಪ್ಪು ಗುಂಡಿ, ತೊಟ್ಟು. ಹೊಲಿಗೆ ಇಲ್ಲ, ಗಂಟು ಹಾಕುವುದಿಲ್ಲ. ತೊಟ್ಟಿನ ಮೇಲೆ ಎಸಳು ಇಟ್ಟು ಮೇಲಿಂದ ಗುಂಡಿ ಒತ್ತಿದರೆ ಮುಗಿಯಿತು. ಒಂದೇ ಕೈ ಇದ್ದವರೂ ಮಾಡಬೇಕು ಅಂತಲೇ ಅದನ್ನು ಅಷ್ಟು ಸರಳ ಮಾಡಿದ್ದು. ನೋಡುವವರಿಗೆ ಅದು ಏನೋ ಅಗ್ಗದ ಹೂ ಅನಿಸಬಹುದು. ನನಗೆ ಅದರಷ್ಟು ಚೆಂದದ ವಿನ್ಯಾಸ ಕಡಿಮೆ ಅನಿಸುತ್ತದೆ, ಮಾಡುವ ಕೈಯನ್ನು ಮೊದಲು ನೆನೆದು ಆಮೇಲೆ ಹೂವಿನ ಆಕಾರ ನಿರ್ಧರಿಸಿದ್ದಾರೆ.

ಕೆಲವೇ ವರ್ಷಗಳಲ್ಲಿ ಕಾರ್ಖಾನೆ ರಿಚ್ಮಂಡ್‌ಗೆ ಹೋಯಿತು. ಮಾಡಿದ್ದೆಲ್ಲ ಇಂಗ್ಲೆಂಡಿನಲ್ಲೇ ಖರ್ಚಾಗಿ ಸ್ಕಾಟ್‌ಲ್ಯಾಂಡಿಗೆ ಸಾಲುತ್ತಿರಲಿಲ್ಲ. ಅದಕ್ಕೆ 1926ರಲ್ಲಿ ಸೇನಾಪತಿ ಡಗ್ಲಸ್ ಹೇಗ್ ಅವರ ಹೆಂಡತಿ ಲೇಡಿ ಹೇಗ್ ಎಡಿನ್‌ಬರೋದಲ್ಲಿ ಬೇರೆ ಕಾರ್ಖಾನೆ ತೆರೆದರು. ಇವತ್ತಿಗೂ ಸ್ಕಾಟ್‌ಲ್ಯಾಂಡಿನ ಹೂವಿಗೆ ನಾಲ್ಕು ಎಸಳು, ಎಲೆ ಇಲ್ಲ. ಇಂಗ್ಲೆಂಡಿನದ್ದಕ್ಕೆ ಎರಡು ಎಸಳು, ಒಂದು ಹಸಿರು ಎಲೆ. ಗಿಡದ ಹೂವಿಗೆ ಹತ್ತಿರ ಇರುವುದು ಸ್ಕಾಟ್‌ಲ್ಯಾಂಡಿನದ್ದೇ.

ಜಗಳಗಳೂ ಇವೆ, ಇಲ್ಲ ಅಂದರೆ ತಪ್ಪಾಗುತ್ತದೆ. ಹೂವಿನ ನಡುವಿನ ಕಪ್ಪು ಗುಂಡಿಯ ಮೇಲೆ 1994ರವರೆಗೆ ಹೇಗ್ ಫಂಡ್ ಅಂತ ಅಚ್ಚಾಗಿರುತ್ತಿತ್ತು. ಡಗ್ಲಸ್ ಹೇಗ್ ಅಂದರೆ ಫ್ರಾನ್ಸಿನಲ್ಲಿ ನಡೆದ ಸೊಮ್ ಕದನದ ಸೇನಾಪತಿ. 1916ರ ಜುಲೈ 1ರ ಒಂದೇ ದಿನ ಬ್ರಿಟಿಷ್ ಸೇನೆಯ 19,240 ಜನ ಸತ್ತ ಕದನ ಅದು. ಅವರನ್ನು ಸಾವಿಗೆ ಕಳಿಸಿದವರ ಹೆಸರನ್ನೇ ಅವರ ನೆನಪಿನ ಹೂವಿನ ಮೇಲೆ ಹೊತ್ತುಕೊಳ್ಳಬೇಕಾ ಅಂತ ಕೇಳಿದ ಮನೆಗಳು ಇದ್ದವು. ಆ ಪ್ರಶ್ನೆ ನ್ಯಾಯವಾದದ್ದೇ. ಯುದ್ಧ ಮುಗಿದ ಮೇಲೆ ಹೇಗ್ ಉಳಿದ ಆಯುಷ್ಯವನ್ನೆಲ್ಲ ಮಾಜಿ ಸೈನಿಕರ ಸಂಘದ ಕೆಲಸಕ್ಕೆ ಕೊಟ್ಟರು ಎನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕು.

1933ರಲ್ಲಿ ಕೋಆಪರೇಟಿವ್ ವಿಮೆನ್ಸ್ ಗಿಲ್ಡ್ ಎಂಬ ಹೆಂಗಸರ ಸಂಘ ಬಿಳಿ ಪಾಪ್ಪಿಯನ್ನು ತಂದಿತು. ಅವರಲ್ಲಿ ಗಂಡನನ್ನು, ಮಗನನ್ನು, ತಮ್ಮನನ್ನು ಕಳೆದುಕೊಂಡವರಿದ್ದರು. ಸತ್ತವರನ್ನು ನೆನೆಯುತ್ತೇವೆ, ಇನ್ನೊಂದು ಯುದ್ಧಕ್ಕೆ ಮಕ್ಕಳನ್ನು ಕೊಡುವುದಿಲ್ಲ ಎನ್ನುವುದು ಅವರ ಮಾತು. ಮುಂದೆ ಪೀಸ್ ಪ್ಲೆಡ್ಜ್ ಯೂನಿಯನ್ ಎಂಬ ಯುದ್ಧವಿರೋಧಿ ಸಂಘ ಅದನ್ನು ಮುಂದುವರಿಸಿತು. ಬಿಳಿ ಹೂ ಹಾಕಿಕೊಂಡರೆ ಸೈನಿಕರಿಗೆ ಅವಮಾನ ಅಂತ ಇವತ್ತಿಗೂ ಕೆಲವರು ಸಿಟ್ಟಾಗುತ್ತಾರೆ. ಅದನ್ನು ಮೊದಲು ಹಾಕಿಕೊಂಡವರು ಯಾರು ಅಂತ ಗೊತ್ತಿದ್ದರೆ ಆ ಸಿಟ್ಟು ನಿಲ್ಲುವುದಿಲ್ಲ ಅನಿಸುತ್ತದೆ ನನಗೆ. 2010ರಲ್ಲಿ ಬ್ರಿಟನ್ ಪ್ರಧಾನಿ ಚೀನಾಕ್ಕೆ ಹೋದಾಗ ಅಲ್ಲಿನವರು, ನಮಗೆ ಪಾಪ್ಪಿ ಅಂದರೆ ಬ್ರಿಟನ್ ನಮ್ಮ ಮೇಲೆ ಮಾಡಿದ ಅಫೀಮು ಯುದ್ಧ ನೆನಪಾಗುತ್ತದೆ, ದಯವಿಟ್ಟು ತೆಗೆಯಿರಿ ಅಂದರು. ಬ್ರಿಟನ್ನಿನವರು ತೆಗೆಯಲಿಲ್ಲ.

ಎಲ್ಲರದ್ದೂ ಪಾಪ್ಪಿಯೇ ಅಲ್ಲ. ಫ್ರಾನ್ಸಿನವರದ್ದು ನೀಲಿ ಕಾರ್ನ್‌ಫ್ಲವರ್. ಅದೂ ಅದೇ ಹೊಲಗಳ ಕಳೆ. 1916ರಲ್ಲಿ ಪ್ಯಾರಿಸ್ಸಿನ ಅನ್ವಾಲೀದ್ ಸೈನಿಕ ಆಸ್ಪತ್ರೆಯಲ್ಲಿ ಶಾರ್ಲೆಟ್ ಮಾಲ್‌ತೆರ್, ಸುಜಾನ್ ಲೀನಾರ್ಟ್ ಎಂಬ ಇಬ್ಬರು ಹೆಂಗಸರು ಗಾಯಾಳುಗಳ ಕೈಗೆ ಬಟ್ಟೆ, ಕಾಗದ ಕೊಟ್ಟು ಆ ಹೂ ಮಾಡಿಸಲು ಶುರುಮಾಡಿದರು. ಅಲ್ಲೂ ಹೆಂಗಸರೇ, ಅಲ್ಲೂ ಬದುಕಿ ಉಳಿದವರ ಕೈಗೆ ಕೆಲಸ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಜುಲೈ 1ಕ್ಕೆ ಫರ್ಗೆಟ್ ಮಿ ನಾಟ್ ಎಂಬ ಪುಟ್ಟ ನೀಲಿ ಹೂ. ಸೊಮ್ ಕದನದ ಮೊದಲ ದಿನ ಅವರ ಸುಮಾರು 800 ಜನ ಮುನ್ನುಗ್ಗಿ, ಮಾರನೆಯ ಬೆಳಗ್ಗೆ ಹಾಜರಿ ಕರೆದಾಗ ಓಗೊಟ್ಟವರು 68 ಜನ.

2014ರಲ್ಲಿ ಲಂಡನ್ ಟವರಿನ ಸುತ್ತಲಿನ ಒಣ ಕಂದಕದಲ್ಲಿ 8,88,246 ಸೆರಾಮಿಕ್ ಪಾಪ್ಪಿಗಳನ್ನು ನೆಟ್ಟಿದ್ದರು. ಆ ಯುದ್ಧದಲ್ಲಿ ಸತ್ತ ಬ್ರಿಟನ್ ಮತ್ತು ಅದರ ವಸಾಹತುಗಳ ಒಬ್ಬೊಬ್ಬ ಸೈನಿಕನಿಗೆ ಒಂದೊಂದು. ಫೋಟೋ ನೋಡಿರುತ್ತೀರಿ, ಕೋಟೆಯ ಕಿಟಕಿಯಿಂದ ಕೆಂಪು ಸುರಿದ ಹಾಗೆ. ಜನ ಮುಗಿಬಿದ್ದು ನೋಡಿದರು. ಆ ಯುದ್ಧದಲ್ಲಿ ಸತ್ತವರಲ್ಲಿ ಭಾರತದವರೂ ಇದ್ದಾರೆ. ಆದರೆ ಬಹಳ ವರ್ಷ ಯಾರೂ ಅದನ್ನು ಎತ್ತಿ ಹೇಳುತ್ತಿರಲಿಲ್ಲ. 2018ರಲ್ಲಿ ಕದನವಿರಾಮಕ್ಕೆ ನೂರು ವರ್ಷ ಆದಾಗ ಬ್ರಿಟಿಷ್ ಲೀಜನ್ ಭಾರತದ ಸೈನಿಕರ ನೆನಪಿಗೆ ಖಾದಿ ಬಟ್ಟೆಯ ಪಾಪ್ಪಿಯನ್ನು ಹೊರತಂದಿತು. ತಡವಾಯಿತು, ನಿಜ, ಆದರೂ ನನಗೆ ಖುಷಿಯಾಯಿತು.

ಉತ್ತರ ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಭಾರತೀಯ ಸೈನಿಕರ ಸ್ಮಾರಕ ಇದೆ, 1927ರಲ್ಲಿ ತೆರೆದದ್ದು. ಗೋರಿ ಸಿಗದ 4,700ಕ್ಕೂ ಹೆಚ್ಚು ಜನರ ಹೆಸರು ಅಲ್ಲಿದೆ. ನಡುವೆ ಅಶೋಕನ ಸ್ತಂಭದಂತೆ ಒಂದು ಕಂಬ, ಅದರ ತಲೆಯ ಮೇಲೆ ಕಲ್ಲಿನ ಕಮಲ, ಎರಡು ಕಡೆ ಹುಲಿ.

ಯಾವಾಗಲಾದರೂ ಆ ಕಡೆ ಹೋಗುವ ಅವಕಾಶ ಸಿಕ್ಕರೆ ಜೂನ್ ತಿಂಗಳಲ್ಲಿ ಹೋಗಿ, ಹೊಲದ ಅಂಚಿನಲ್ಲಿ ನಿಜವಾದ ಪಾಪ್ಪಿ ಅರಳಿರುವ ಕಾಲ ಅದು. ಎಸೆಕ್ಸ್ ಫಾರ್ಮ್ ಈಪ್ರದಿಂದ ದೂರವೇನಲ್ಲ. ಅಲ್ಲಿನ ಸಮಾಧಿಗಳಲ್ಲಿ ವ್ಯಾಲೆಂಟೈನ್ ಸ್ಟ್ರಡ್‌ವಿಕ್ ಎಂಬ ಹುಡುಗನದ್ದು ಇದೆ, 1916ರ ಜನವರಿಯಲ್ಲಿ ಸತ್ತಾಗ 15 ವರ್ಷ, ಅದರ ಮುಂದೆ ಜನ ಇಟ್ಟ ಹೂ ಯಾವಾಗಲೂ ಇರುತ್ತದೆ. ಸಂಜೆ ಎಂಟು ಗಂಟೆಗೆ ಮೆನಿನ್ ಗೇಟ್ ಹತ್ತಿರ ಇರುವ ಹಾಗೆ ನೋಡಿಕೊಳ್ಳಿ, ಅಲ್ಲಿ ದಿನಾ ಕಹಳೆ ಊದುತ್ತಾರೆ. ಸ್ವಲ್ಪ ಮುಂಚೆಯೇ ಹೋದರೆ ಗೋಡೆಗಳ ಮೇಲೆ ಹೆಲ್ಮರ್ ಹೆಸರನ್ನೂ ಹುಡುಕಬಹುದು, ಭಾರತದ ಪಡೆಗಳ ಹೆಸರುಗಳನ್ನೂ ಓದಬಹುದು.